ಅವಲಕ್ಕಿ ಅಕ್ಕಿ ಅಲ್ಲವೇ?

"ಇವತ್ತು ಏಕಾದಶಿ, ಊಟ ಇಲ್ಲ, ಬರೀ ಅವಲಕ್ಕಿ" ಅಂತ ಕೋಲ್ಕತ್ತಾದಲ್ಲಿ ಯಾರ ಮುಂದಾದರೂ ಹೇಳಿ ನೋಡಿ. ಎದುರಿಗಿದ್ದವರು ಒಂದು ಗಳಿಗೆ ಯೋಚಿಸಿ, ಕುಹಕದ ಸೋಂಕೂ ಇಲ್ಲದೆ ಕೇಳುತ್ತಾರೆ: "ಅವಲಕ್ಕಿ ಅಂದರೆ ನಮ್ಮ ಚಿಡೆ ತಾನೆ? ಅದೂ ಭತ್ತದ್ದೇ ಅಲ್ಲವೇ?" ಇದಕ್ಕೇನು ಹೇಳುತ್ತೀರಿ? ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಚಪ್ಪಟೆ ಮಾಡಿದ ಮಾತ್ರಕ್ಕೆ ಅದು ಅಕ್ಕಿಯ ಜಾತಿ ಬಿಟ್ಟು ಹೋಯಿತೇ? ಹೆಸರಿನಲ್ಲೇ ಅಕ್ಕಿ ಇದೆ. ನಮ್ಮ ಕಡೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಫಲಾರ ಅಂದರೆ ಫಲಾರ. ಅವಲಕ್ಕಿ, ಉಪ್ಪಿಟ್ಟು, ಮೇಲೊಂದು ಲೋಟ ಕಾಫಿ.

ಹೀಗೆ ಕೇಳಿದವರೇ ದುರ್ಗಾಷ್ಟಮಿಯ ದಿನ ಬೆಳಗಿನಿಂದ ತೊಟ್ಟು ನೀರೂ ಕುಡಿಯದೆ ದೇವಿಗೆ ಪುಷ್ಪಾಂಜಲಿ ಮುಗಿಸಿ ಬಂದು, ತೆಂಗಿನ ಚೂರು ಹಾಕಿದ ಕಡಲೆಬೇಳೆ, ಆಲೂ ದಮ್, ಕರಿದ ಬದನೆಕಾಯಿಯ ಜೊತೆ ಹತ್ತು ಲೂಚಿ (ಮೈದಾದ ಪೂರಿ ಅನ್ನಿ) ಇಳಿಸಿ, ಕೊನೆಗೆ ಸಿಹಿ ತಿಂದು, "ಅಷ್ಟಮಿ ಅಲ್ಲವೇ, ಇವತ್ತು ನಮಗೆ ಅನ್ನ ಇಲ್ಲ" ಅನ್ನುತ್ತಾರೆ. ದನಿಯಲ್ಲಿ ನಿಜವಾದ ತ್ಯಾಗದ ಭಾವ ಇರುತ್ತದೆ. ಕನ್ನಡದ ಕಿವಿಗೆ ಇದು ತಮಾಷೆಯಾಗಿ ಕೇಳುತ್ತದೆ. ಆದರೆ ವರ್ಷವಿಡೀ ಇಲ್ಲಿನ ಅಡುಗೆಮನೆಗಳನ್ನು ನೋಡುತ್ತಾ ಹೋದರೆ ಆ ನಗು ಮೆಲ್ಲಗೆ ನಮ್ಮ ಕಡೆಗೇ ತಿರುಗುತ್ತದೆ. ಬಂಗಾಳಿಗಳಿಗೆ ಉಪವಾಸ ಅಂದರೆ ಮೊದಲು ಏಳುವ ಪ್ರಶ್ನೆ ಏನನ್ನು ಬಿಡಬೇಕು ಅನ್ನುವುದು. ನಾವು ಮೊದಲು ಕೇಳುವುದು ಎಷ್ಟು ಹೊತ್ತಿನವರೆಗೆ ಅಂತ.

ಇಲ್ಲಿ "ಊಟ ಆಯ್ತಾ?" ಅನ್ನುವುದಕ್ಕೆ "ಭಾತ್ ಖೇಯೇಛೋ?" ಅನ್ನುತ್ತಾರೆ. ಅನ್ನ ಉಂಡೆಯಾ ಅಂತಲೇ ಕೇಳುವುದು. ಅನ್ನ ಇಲ್ಲದ ದಿನ ಹೊಟ್ಟೆ ತುಂಬಿದ್ದರೂ ಊಟವಾಗದ ದಿನ. ಜೋಳದ ರೊಟ್ಟಿ, ರಾಗಿ ಮುದ್ದೆಯ ಬಲವಿರುವ ನಮಗೆ ಅನ್ನ ಬಿಟ್ಟರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅವರಿಗೆ ಬೀಳುತ್ತದೆ. ಹಾಗಾಗಿ ಗೋಧಿ ಹಿಟ್ಟು ಅವರ ಮಟ್ಟಿಗೆ ಉಪವಾಸದ ವಸ್ತು. ಅದರಲ್ಲಿ ಮಾಡುವ ಲೂಚಿಗೂ ನಮ್ಮ ಪೂರಿಗೂ ಹೋಲಿಕೆ ಬೇಡ. ಕಾಲು ಕಿಲೋ ಮೈದಾಕ್ಕೆ ಎರಡು ದೊಡ್ಡ ಚಮಚ ತುಪ್ಪ ಹಾಕಿ ಉಜ್ಜಬೇಕು. ಮುಷ್ಟಿ ಕಟ್ಟಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು. ಆಮೇಲೆ ಸುಮಾರು 120 ಮಿಲಿ ಬೆಚ್ಚನೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಹತ್ತು ನಿಮಿಷ ನಾದಿ, ಒದ್ದೆ ಬಟ್ಟೆಯಡಿ ಅರ್ಧ ಗಂಟೆ ಬಿಡಬೇಕು. ಲಟ್ಟಿಸುವಾಗ ಒಣಹಿಟ್ಟು ಮುಟ್ಟಿಸುವಂತಿಲ್ಲ, ಮಣೆಗೆ ಎಣ್ಣೆ ಸವರಬೇಕು. ಒಣಹಿಟ್ಟು ಬಾಣಲೆಯಲ್ಲಿ ಉದುರಿ ಕರಕಲಾಗಿ ಮುಂದಿನ ಲೂಚಿಗಳ ಮೇಲೆಲ್ಲ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಉಬ್ಬಿದ ಲೂಚಿ ಬೆಳ್ಳಗೇ ಇರಬೇಕು. ನಮ್ಮ ಪೂರಿಯ ಹೊಂಬಣ್ಣ ಬಂದರೆ ಇಲ್ಲಿನ ಅತ್ತೆಯಂದಿರು ಮುಖ ಕಿವುಚುತ್ತಾರೆ.

ಇನ್ನು 'ನಿರಾಮಿಷ್'. ಇದನ್ನು ಸಸ್ಯಾಹಾರ ಅಂತ ಕನ್ನಡಕ್ಕೆ ತಂದುಕೊಂಡರೆ ಮೊದಲ ವಾರದಲ್ಲೇ ಮೋಸ ಹೋಗುತ್ತೀರಿ. ಈರುಳ್ಳಿ, ಬೆಳ್ಳುಳ್ಳಿ ಆಮಿಷ, ಅಂದರೆ ಮಾಂಸದ ಲೆಕ್ಕಕ್ಕೇ ಸೇರಿದ್ದು, ಅದು ನಮಗೂ ಹೊಸದಲ್ಲ. ಆದರೆ ಮಸೂರ ಬೇಳೆಯೂ ಆಮಿಷ! ವ್ರತದ ದಿನ ಮಸೂರದ ಡಬ್ಬಿ ಮುಚ್ಚಿ, ಕಡಲೆಬೇಳೆ, ಹೆಸರುಬೇಳೆ ತೆಗೆಯುತ್ತಾರೆ. ಇನ್ನೊಂದು ತುದಿಯಲ್ಲಿ, ಕಾಳಿಪೂಜೆಯ ಬಲಿಯ ಆಡಿನ ಮಾಂಸವನ್ನು ಈರುಳ್ಳಿ ಬೆಳ್ಳುಳ್ಳಿ ಸೋಕಿಸದೆ, ಶುಂಠಿ, ಜೀರಿಗೆ, ಇಂಗು ಹಾಕಿ ಬೇಯಿಸಿದರೆ ಅದರ ಹೆಸರು 'ನಿರಾಮಿಷ್ ಮಾಂಗ್ಶೊ'. ನಿರಾಮಿಷ ಮಾಂಸ! ದೇವಿಯ ಪ್ರಸಾದ, ಮೇಲೆ ಆಮಿಷದ ಮಸಾಲೆ ಇಲ್ಲ, ಅಲ್ಲಿಗೆ ಲೆಕ್ಕ ಸರಿ. ನಮ್ಮ ಹಳೆ ಮೈಸೂರಿನ ಮಾರಮ್ಮನ ಹಬ್ಬದಲ್ಲೂ ಬಲಿ ಉಂಟು, ಬಾಡೂಟ ಉಂಟು. ಅದನ್ನು ಯಾರೂ ಈ ಹೆಸರಿನಿಂದ ಕರೆಯುವ ಧೈರ್ಯ ಮಾಡಿಲ್ಲ.

ಬಿಡಬೇಕಾದ್ದರ ಮೇಲಿನ ಈ ಕಣ್ಣು ಬಂಗಾಳದ ಪಂಜಿಕೆಯಲ್ಲೇ, ಅಂದರೆ ಪಂಚಾಂಗದಲ್ಲೇ, ಅಚ್ಚಾಗಿದೆ. ನಮ್ಮ ಒಂಟಿಕೊಪ್ಪಲ್ ಪಂಚಾಂಗ ಗೋಡೆಯ ಮೊಳೆಗೆ ನೇತು ಬೀಳುವಷ್ಟು ತೆಳ್ಳಗಿದ್ದರೆ, ಇಲ್ಲಿನದು ದಿಂಬಿನಷ್ಟು ದಪ್ಪ. ಅದರಲ್ಲಿ ಪ್ರತಿ ತಿಥಿಗೂ ಒಂದು ನಿಷೇಧ. ಪಾಡ್ಯಕ್ಕೆ ಬೂದುಗುಂಬಳ ಬೇಡ, ಚೌತಿಗೆ ಮೂಲಂಗಿ ಬೇಡ, ಪಂಚಮಿಗೆ ಬಿಲ್ವದ ಹಣ್ಣು, ಷಷ್ಠಿಗೆ ಬೇವು, ಅಷ್ಟಮಿಗೆ ತೆಂಗಿನಕಾಯಿ, ನವಮಿಗೆ ಸೋರೆಕಾಯಿ, ಏಕಾದಶಿಗೆ ಅವರೆಕಾಯಿಯ ಜಾತಿ, ದ್ವಾದಶಿಗೆ ಬಸಳೆ, ತ್ರಯೋದಶಿಗೆ ಬದನೆಕಾಯಿ, ಚತುರ್ದಶಿಗೆ ಉದ್ದು ಬೇಡ. ಪೂರ್ತಿ ಪಾಲಿಸುವ ಮನೆ ಇವತ್ತು ಅಪರೂಪ. ಆದರೂ ತ್ರಯೋದಶಿಯ ದಿನ ಸಂತೆಯಲ್ಲಿ ಬದನೆಕಾಯಿ ಮುಟ್ಟಿ ಹಾಗೇ ಕೈ ಹಿಂದಕ್ಕೆ ತೆಗೆಯುವ ಅಜ್ಜಿಯರು ಇನ್ನೂ ಇದ್ದಾರೆ. ದುರ್ಗಾಷ್ಟಮಿಯ ಬೇಳೆಗೆ ಆ ನಿಷಿದ್ಧ ತೆಂಗಿನ ಚೂರು ಬೀಳುತ್ತದಲ್ಲ ಎಂದು ಕೇಳಬೇಡಿ. ಕೇಳಿದರೆ ಬರೀ ನಗು ಸಿಗುತ್ತದೆ.

ತಿಂಗಳ ಲೆಕ್ಕವೂ ಬೇರೆ. ವೈಶಾಖದಿಂದ ಚೈತ್ರದವರೆಗೆ ಹೆಸರುಗಳೆಲ್ಲ ನಮ್ಮವೇ, ಆದರೆ ನಡೆಯುವುದು ತುಳುನಾಡಿನ ತಿಂಗಳುಗಳ ಹಾಗೆ ಸೂರ್ಯನ ಪ್ರಕಾರ. ಸೂರ್ಯ ರಾಶಿ ದಾಟಿದ ದಿನವನ್ನು ಹಳೆಯ ತಿಂಗಳಿಗೇ ಬಿಟ್ಟುಕೊಟ್ಟು ಮರುದಿನದಿಂದ ಹೊಸ ತಿಂಗಳು ಎಣಿಸುತ್ತಾರೆ. ನಡುರಾತ್ರಿ ಕಳೆದ ಮೇಲೆ ದಾಟಿದರೆ ಇನ್ನೂ ಒಂದು ದಿನ ಮುಂದಕ್ಕೆ. ಹಾಗಾಗಿ ಇಲ್ಲಿ ಸಂಕ್ರಾಂತಿ ಅಂದರೆ ತಿಂಗಳ ಕೊನೆಯ ದಿನ. ನಾವು ಎಳ್ಳು ಬೀರುವ ಹೊತ್ತಿಗೆ ಇವರು ಪೌಷಕ್ಕೆ ವಿದಾಯ ಹೇಳಿ, ಹೊಸ ಅಕ್ಕಿ ಹಿಟ್ಟು, ತೆಂಗಿನಕಾಯಿ, ಖರ್ಜೂರದ ಬೆಲ್ಲದ ಪೀಠೆ ಮಾಡುತ್ತಾರೆ. ವ್ರತಗಳು ಮಾತ್ರ ಬಹುಪಾಲು ತಿಥಿಯ ಮೇಲೆ. ಸೌರ ತಿಂಗಳು ಒಂದು ಕಡೆ, ಚಾಂದ್ರ ತಿಥಿ ಇನ್ನೊಂದು ಕಡೆ ಎಳೆಯುವುದರಿಂದ 'ಆಶ್ವಿನದ ದುರ್ಗಾಪೂಜೆ' ಕೆಲವು ವರ್ಷ ಕಾರ್ತಿಕಕ್ಕೆ ಜಾರುತ್ತದೆ. 2020ರಲ್ಲಿ ಅಧಿಕ ಮಾಸ ನಡುವೆ ಬಂದು ಮಹಾಲಯ ಸೆಪ್ಟೆಂಬರ್ 17ಕ್ಕೂ ಷಷ್ಠಿ ಅಕ್ಟೋಬರ್ 22ಕ್ಕೂ ಬಿದ್ದಾಗ, ತರ್ಪಣ ಮುಗಿಸಿದವರು ದೇವಿಗೆ 35 ದಿನ ಕಾದರು.

ಜಗಳದ ವಿಷಯಕ್ಕೆ ಬಂದರೆ ಎರಡೂ ಕಡೆ ಒಂದೇ. ಸೂರ್ಯಸಿದ್ಧಾಂತ ಎಂಬ ಹಳೆಯ ಜ್ಯೋತಿಷ ಗ್ರಂಥದ ಲೆಕ್ಕ ಹಿಡಿದ ಗುಪ್ತಾ ಪ್ರೆಸ್ ಪಂಜಿಕೆ 1869ರಿಂದ ನಡೆದುಬಂದಿದೆ. ಆಕಾಶದಲ್ಲಿ ಕಾಣುವುದಕ್ಕೆ ಲೆಕ್ಕ ತಿದ್ದಿಕೊಳ್ಳಬೇಕೆಂದು ಹೊರಟ ವಿಶುದ್ಧ ಸಿದ್ಧಾಂತ ಪಂಜಿಕೆ 1890ರದು. ಇಲ್ಲಿನ ರಾಮಕೃಷ್ಣ ಮಿಷನ್ನಿನ ಬೇಲೂರು ಮಠ ಎರಡನೆಯದನ್ನು ನೋಡುತ್ತದೆ, ಹಳೆಯ ಮನೆತನಗಳಲ್ಲಿ ಅನೇಕ ಮೊದಲನೆಯದನ್ನು. ಅಷ್ಟಮಿಯ ಕೊನೆಯ 24 ನಿಮಿಷ, ನವಮಿಯ ಮೊದಲ 24 ನಿಮಿಷ ಸೇರಿದ್ದೇ ಸಂಧಿಪೂಜೆ. 108 ದೀಪ, 108 ತಾವರೆ ಆ 48 ನಿಮಿಷದೊಳಗೆ ಆಗಬೇಕು. ಹೀಗಿರುವಾಗ ಎರಡು ಪಂಜಿಕೆಗಳ ತಿಥಿ ಗಂಟೆಗಟ್ಟಲೆ ಹೆಚ್ಚುಕಡಿಮೆಯಾದರೆ, ಒಂದೇ ಬೀದಿಯಲ್ಲಿ ಒಂದು ಮನೆಯವರು ಉಪವಾಸ ಮುಗಿಸಿ ಕೈ ತೊಳೆಯುತ್ತಿರುವಾಗ ಇನ್ನೊಂದು ಮನೆಯವರು ಬತ್ತಿ ಹೊಸೆಯುತ್ತಿರುತ್ತಾರೆ. ಕಣ್ಣಿಗೆ ಕಾಣುವುದಕ್ಕೆ ಹೊಂದುವ ದೃಗ್ಗಣಿತವೋ ಸೂರ್ಯಸಿದ್ಧಾಂತವೋ ಎಂದು ಮಠಕ್ಕೊಂದು ಏಕಾದಶಿ ಮಾಡಿಕೊಂಡ ನಾವು ಇದಕ್ಕೆ ಆಶ್ಚರ್ಯಪಡುವ ಹಾಗಿಲ್ಲ.

ಇಲ್ಲಿ ನೆಲೆಸಿದ ಕನ್ನಡಿಗರು ಮಾಡುವ ಒಂದು ತಪ್ಪನ್ನು ಹೇಳಿಬಿಡಬೇಕು. ಊರಿಂದ ಫೋನಿಗೆ ಬಂದ ಪಂಚಾಂಗದ ಪುಟ ನೋಡಿ ಏಕಾದಶಿ ಮಾಡುತ್ತಾರೆ. ತಿಥಿ ಮುಗಿಯುವ ಗಳಿಗೆ ದೇಶಕ್ಕೆಲ್ಲ ಒಂದೇ, ಸೂರ್ಯೋದಯ ಒಂದಲ್ಲ. ಜೂನ್ ತಿಂಗಳಲ್ಲಿ ಕೋಲ್ಕತ್ತಾದ ಸೂರ್ಯೋದಯ ಸುಮಾರು 4.52ಕ್ಕೆ, ಬೆಂಗಳೂರಿನದು 5.53ರ ಆಸುಪಾಸು. ವೈಷ್ಣವರ ಅರುಣೋದಯ ಅದಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚೆ. ದಶಮಿ ಬೆಳಗಿನ ಜಾವ 3.45ಕ್ಕೆ ಮುಗಿಯಿತು ಅಂದುಕೊಳ್ಳಿ. ಬೆಂಗಳೂರಿನಲ್ಲಿ ಅರುಣೋದಯ ಶುರುವಾಗುವುದೇ 4.17ಕ್ಕೆ, ಆದ್ದರಿಂದ ಶುದ್ಧ ಏಕಾದಶಿ, ಅವತ್ತೇ ಉಪವಾಸ. ಕೋಲ್ಕತ್ತಾದಲ್ಲಿ 3.16ಕ್ಕೇ ಅರುಣೋದಯವಾಗಿ ದಶಮಿಯ ವೇಧೆ, ಅಂದರೆ ಸೋಂಕು, ತಗುಲಿತು, ಉಪವಾಸ ಮರುದಿನ. ಚಳಿಗಾಲದಲ್ಲಿ ಅಂತರ ಅರ್ಧ ಗಂಟೆಯೊಳಗೆ ಬರುತ್ತದೆ, ತಪ್ಪು ಅಪರೂಪ. ಬೇಸಿಗೆಯಲ್ಲಿ ಇಲ್ಲಿನ ಪಂಜಿಕೆಯ 'ಗೋಸ್ವಾಮಿ ಮತ' ಎಂಬ ಸಾಲು ನೋಡಿಕೊಳ್ಳುವುದು ಕ್ಷೇಮ. ನಮ್ಮಲ್ಲಿ ಸ್ಮಾರ್ತ ಏಕಾದಶಿ, ಭಾಗವತ ಏಕಾದಶಿ ಎಂದು ಬರೆಯುತ್ತಾರಲ್ಲ, ಅದೇ ಭೇದ.

ಆದರೆ ಬಂಗಾಳದ ಮನೆಗಳು ಮನಸ್ಸಿಟ್ಟು ಮಾಡುವ ಉಪವಾಸ ಏಕಾದಶಿಯಲ್ಲ, ಷಷ್ಠಿ. ನಮಗೆ ಷಷ್ಠಿ ಅಂದರೆ ಸುಬ್ರಹ್ಮಣ್ಯ, ಹಾವು, ಹುತ್ತ. ಇವರಿಗೆ ಷಷ್ಠಿ ಒಬ್ಬ ತಾಯಿ, ಮಕ್ಕಳ ಕಾವಲಿನವಳು, ಅವಳ ವಾಹನ ಬೆಕ್ಕು. ಕಥೆಯೂ ಬೆಕ್ಕಿನದೇ: ಮನೆಯ ಸೊಸೆ ಕದ್ದು ತಿಂದು ಕರಿಬೆಕ್ಕಿನ ಮೇಲೆ ದೂರು ಹಾಕುತ್ತಾಳೆ, ಸಿಟ್ಟಾದ ಬೆಕ್ಕು ಅವಳ ಕೂಸುಗಳನ್ನು ಒಂದೊಂದಾಗಿ ಹೊತ್ತೊಯ್ಯುತ್ತದೆ. ಹೆರಿಗೆಯಾದ ಐದು-ಆರನೇ ದಿನ ಬಂದು ಹಣೆಬರಹ ಬರೆಯುವ ನಮ್ಮ ಉತ್ತರ ಕರ್ನಾಟಕದ ಸಟವಿ ಇವಳೇ. ನಾವು ಬಾಣಂತಿ ಕೋಣೆಯಲ್ಲೇ ಅವಳನ್ನು ಬೀಳ್ಕೊಟ್ಟೆವು. ಇವರು ವರ್ಷಪೂರ್ತಿ ಮನೆಯಲ್ಲಿಟ್ಟುಕೊಂಡರು.

ಜ್ಯೇಷ್ಠ ಶುಕ್ಲದಲ್ಲಿ ಅರಣ್ಯ ಷಷ್ಠಿ. ಅದೇ ಈಗ ಅಳಿಯನಿಗೆ ಉಣಬಡಿಸುವ ಜಾಮಾಯ್ ಷಷ್ಠಿ. ಅತ್ತೆ ಉಪವಾಸವಿದ್ದು ತಾಳೆಗರಿಯ ಬೀಸಣಿಗೆ ಒದ್ದೆ ಮಾಡಿ "ಷಾಟ್ ಷಾಟ್" ಎಂದು ಗಾಳಿ ಹಾಕಿ, ಅರಿಶಿನದ ದಾರ ಕೈಗೆ ಕಟ್ಟುತ್ತಾಳೆ. ಆಶ್ವಿನದಲ್ಲಿ ದುರ್ಗಾ ಷಷ್ಠಿ, ಮಾಘದಲ್ಲಿ ಶೀತಲ ಷಷ್ಠಿ. ಚೈತ್ರದಲ್ಲಿ, ನಮ್ಮ ಯುಗಾದಿ ಕಳೆದು ಐದು ದಿನಕ್ಕೆ, ಅಶೋಕ ಷಷ್ಠಿ. ಆರು ಅಶೋಕದ ಮೊಗ್ಗನ್ನು ಬಾಳೆಹಣ್ಣಿನೊಳಗಿಟ್ಟು ಹಲ್ಲಿಗೆ ತಾಗದ ಹಾಗೆ ನುಂಗಬೇಕು. ನಾವು ಬೇವು ಬೆಲ್ಲವನ್ನು ಚೆನ್ನಾಗಿ ಅಗಿದೇ ತಿನ್ನುವವರು. ಚೈತ್ರ ಸಂಕ್ರಾಂತಿಯ ಹಿಂದಿನ ದಿನ ನೀಲ ಷಷ್ಠಿ. ಅವತ್ತು ಯಾವ ತಿಥಿ ಇದ್ದರೂ ಹೆಸರು ಷಷ್ಠಿಯೇ! ತಾಯಂದಿರು ದಿನವಿಡೀ ಬರಿಹೊಟ್ಟೆಯಲ್ಲಿದ್ದು, ಸಂಜೆ ಶಿವನ ಗುಡಿಯಲ್ಲಿ ದೀಪ ಹಚ್ಚಿದ ಮೇಲೆ ನೆನೆಸಿದ ಸಾಬುದಾನಿ, ಹಣ್ಣು ತಿನ್ನುತ್ತಾರೆ. ನಮ್ಮ ಹೆಂಗಸರ ವ್ರತಗಳನ್ನು ಎಣಿಸಿ ನೋಡಿ: ಭೀಮನ ಅಮಾವಾಸ್ಯೆ, ಮಂಗಳಗೌರಿ, ಸ್ವರ್ಣಗೌರಿ. ಎಲ್ಲ ಮುತ್ತೈದೆತನಕ್ಕೆ, ಗಂಡನ ಆಯುಸ್ಸಿಗೆ. ಬಂಗಾಳದಲ್ಲೂ ಸಾವಿತ್ರಿ ವ್ರತ ಉಂಟು. ಆದರೆ ಇಲ್ಲಿನ ತಾಯಂದಿರ ಜೀವ ಇರುವುದು ಷಷ್ಠಿಯಲ್ಲಿ.

ಇವುಗಳಲ್ಲಿ ಶೀತಲ ಷಷ್ಠಿಯನ್ನು ಹತ್ತಿರದಿಂದ ನೋಡಬೇಕು. ಮಾಘ ಶುಕ್ಲ ಪಂಚಮಿಗೆ ಸರಸ್ವತಿ ಪೂಜೆ, ಮರುದಿನ ಇದು. ಷಷ್ಠಿಯ ದಿನ ಒಲೆ ಹೊತ್ತಿಸುವಂತಿಲ್ಲ, ಬಿಸಿಯಾದದ್ದು ತಿನ್ನುವಂತಿಲ್ಲ. ಅದಕ್ಕೆ ಪಂಚಮಿಯ ಸಂಜೆಯೇ 'ಗೋಟಾ ಶೆದ್ಧೊ' ಬೇಯುತ್ತದೆ. ಗೋಟಾ ಅಂದರೆ ಇಡಿ, ಶೆದ್ಧೊ ಅಂದರೆ ಬೇಯಿಸಿದ್ದು. ಈಳಿಗೆಮಣೆಗೆ ಆ ಸಂಜೆ ಕೆಲಸವಿಲ್ಲ. ಆರು ಜನರ ಮನೆಗೆ ಕಾಲು ಕಿಲೋ ಸಿಪ್ಪೆ ಸಮೇತ ಹಸಿರು ಹೆಸರುಕಾಳು. ಗೋಲಿಗಿಂತ ಸ್ವಲ್ಪ ದೊಡ್ಡ ಹೊಸ ಆಲೂಗಡ್ಡೆ, ತೊಟ್ಟು ಕೀಳದ ಎಳೆ ಬದನೆ, ಚಪ್ಪರದವರೆ, ಬಿಡಿಸದ ಬಟಾಣಿ ಕಾಯಿ, ಬೆರಳು ಗಾತ್ರದ ಗೆಣಸು, ಹೂಗೊನೆ ಬಂದ ಪಾಲಕ್ ದಂಟು. ಪ್ರತಿಯೊಂದೂ ಆರು, ಇಲ್ಲವೇ ಆರರ ಮಡಿ. ಪಾಲಕ್ ಹೂಗೊನೆ ಬಿಡುವುದು ಚಳಿ ಸರಿಯುವ ಹೊತ್ತಿನಲ್ಲೇ. ಹಾಗಾಗಿ ಬೇರೆ ದಿನ ಬೇಕೆಂದರೂ ಈ ಅಡುಗೆ ಸರಿಯಾಗಿ ಆಗುವುದಿಲ್ಲ.

ಕೇಳಿದರೆ ಸುಲಭ, ಮಾಡಿದರೆ ಕೆಡುವುದೇ ಹೆಚ್ಚು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಗೆಣಸು ಬೇಯುವಷ್ಟರಲ್ಲಿ ಬದನೆ ಕರಗಿ ಸಾರಾಗಿರುತ್ತದೆ. ಹೆಸರುಕಾಳನ್ನು ಒಂದೆರಡು ಗಂಟೆ ನೆನೆಸಿ, ಮುಕ್ಕಾಲು ಬೆಂದ ಮೇಲೆ ಗೆಣಸು, ಆಲೂಗಡ್ಡೆ. ಅವು ಅರ್ಧ ಬೆಂದಾಗ ಅವರೆ, ಬಟಾಣಿ ಕಾಯಿ. ಬದನೆ ಆಮೇಲೆ, ಪಾಲಕ್ ಎಲ್ಲಕ್ಕೂ ಕೊನೆ. ಸೌಟು ಹಾಕಿ ಕಲಕಿದರೆ 'ಗೋಟಾ' ಅನ್ನುವ ಹೆಸರೇ ಹೋಯಿತು. ಕಲಕದಿದ್ದರೆ ಕಾಳು ತಳ ಹಿಡಿಯುತ್ತದೆ. ಅದಕ್ಕೇ ದಪ್ಪ ತಳದ ಪಾತ್ರೆ, ಸಣ್ಣ ಉರಿ, ಆಗಾಗ ಎರಡೂ ಕಿವಿ ಹಿಡಿದು ಪಾತ್ರೆಯನ್ನೇ ಕುಲುಕುವುದು. ಉಪ್ಪು, ಸೀಳದ ಹಸಿಮೆಣಸು, ಶುಂಠಿ, ಇಳಿಸುವಾಗ ಹಸಿ ಸಾಸಿವೆ ಎಣ್ಣೆ. ಪಂಚ್‌ಫೋಡನ್ ಎಂಬ ಐದು ಕಾಳಿನ ಒಗ್ಗರಣೆ ಕೊಡುವ ಮನೆಗಳೂ ಇವೆ. ಬಿಸಿಯಿರುವಾಗಲೇ ಬಿಗಿಯಾಗಿ ಮುಚ್ಚಿಟ್ಟರೆ ಹಬೆ ನೀರಾಗಿ ಇಳಿದು ಬೆಳಗಾಗುವಷ್ಟರಲ್ಲಿ ಹುಳಿ ನಾತ. ಪೂರ್ತಿ ಆರುವ ತನಕ ತೆಳು ಬಟ್ಟೆ ಮುಚ್ಚಿಡಬೇಕು. ಮಾಘದ ಚಳಿಯಿದ್ದರೆ ಬಚಾವ್, ಬೇಗ ಸೆಕೆ ಹುಟ್ಟಿದ ವರ್ಷ ಬಟಾಣಿ ಕಾಯಿಯೇ ಮೊದಲು ಲೋಳೆಯಾಗುತ್ತದೆ.

ಮರುದಿನ ಬೆಳಿಗ್ಗೆ ಪೂಜೆ ಯಾರಿಗೆ? ಮಸಾಲೆ ಅರೆಯುವ ಕಲ್ಲಿಗೆ. ಶಿಲ್ ಮತ್ತು ನೋಡಾ, ಅಂದರೆ ಚಪ್ಪಟೆ ಕಲ್ಲು ಮತ್ತು ಗುಂಡು. ತೊಳೆದು ನಿಲ್ಲಿಸಿ, ಅರಿಶಿನದಲ್ಲಿ ಅದ್ದಿದ ಬಟ್ಟೆ ಉಡಿಸಿ, ಮಡಿಲಲ್ಲಿ ಜೋಡಿ ಅವರೆಕಾಯಿ, ಜೋಡಿ ಬಟಾಣಿ ಇಟ್ಟು, ಮೊಸರು ಹಚ್ಚುತ್ತಾರೆ. ಆ ಮೊಸರನ್ನೇ ಅಷ್ಟು ತಣ್ಣನೆಯ ಗೋಟಾದ ಮೇಲೆ ಚಿಮುಕಿಸಿ ಉಣ್ಣುವುದು. ವರ್ಷವಿಡೀ ಕಾರ ಅರೆದು ಮೈ ಬಿಸಿ ಮಾಡಿಕೊಂಡ ಕಲ್ಲಿಗೆ ಒಂದು ದಿನ ತಂಪು, ಒಂದು ದಿನ ರಜೆ. ನಾವೂ ಆಯುಧಪೂಜೆಗೆ ಒರಳಿಗೆ ಕುಂಕುಮ ಇಡುತ್ತೇವೆ, ಈಗ ಮಿಕ್ಸಿಗೂ ಇಡುತ್ತೇವೆ. ಕುಂಕುಮ ಒಣಗುವ ಮುಂಚೆ ಅದರಲ್ಲೇ ಅಂಬೊಡೆಗೆ ಕಡಲೆಬೇಳೆ ರುಬ್ಬುತ್ತೇವೆ!

ನಮ್ಮಲ್ಲಿ ಇಂಥದ್ದು ಇರಲಿಲ್ಲವೇ? ಇತ್ತು. ನಾಗರಪಂಚಮಿಗೆ ಹೆಂಚು ಇಡಬಾರದು, ಕರಿಯಬಾರದು, ಹೆಚ್ಚಬಾರದು, ನೆಲ ಅಗೆಯಬಾರದು. ಹಬೆಯ ಕಡುಬು, ತಂಬಿಟ್ಟು, ಅರಳು, ಅಷ್ಟೆ. ಶೀತಲ ಷಷ್ಠಿಯ ಖಾಸಾ ತಂಗಿ ಅದು. ಅದನ್ನು ನಾವೇನು ಮಾಡಿದ್ದೇವೆ? "ಮನೇಲಿ ಹೆಂಚು ಇಡೋ ಹಾಗಿಲ್ವಲ್ಲ, ಹೋಟೆಲಿಂದ ಮಸಾಲೆ ದೋಸೆ ತರಿಸಿಬಿಡೋಣ." ಮನೆಯ ಹೆಂಚಿಗೆ ಮಡಿ, ಹೋಟೆಲಿನ ಹೆಂಚಿಗೆ ಇಲ್ಲ. ಏಕಾದಶಿಗೆ ಸಬ್ಬಕ್ಕಿ ವಡೆ, ಶನಿವಾರದ ಒಪ್ಪತ್ತಿಗೆ ರಾತ್ರಿ ನಾಲ್ಕು ಸೆಟ್ ದೋಸೆ. ಅಕ್ಕಿ ರುಬ್ಬಿದ್ದೋ ಇಲ್ಲವೋ ಎಂದು ಕೇಳುವವರಿಲ್ಲ. ಏಕಾದಶಿ ಮನೆಗೆ ಶಿವರಾತ್ರಿ ಬಂದ ಹಾಗೆ ಅನ್ನುವ ಗಾದೆ ಕಟ್ಟಿದವರು ಈಗಿನ ಏಕಾದಶಿ ಮನೆಗೆ ಬಂದರೆ ಕೂತು ಎರಡನೇ ಸಲ ಹಾಕಿಸಿಕೊಂಡಾರು.

ಇಲ್ಲಿ ಒಲೆಗೆ ರಜೆ ಒಂದೇ ಸಲವೂ ಅಲ್ಲ. ಭಾದ್ರ ಸಂಕ್ರಾಂತಿಗೆ, ಸಾಮಾನ್ಯವಾಗಿ ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆಯ ಸುತ್ತ, ಅರಂಧನ, ಅಂದರೆ ಅಡುಗೆ ಮಾಡದ ದಿನ. ರಾತ್ರಿಯೆಲ್ಲ ಅಡುಗೆ, ಮರುದಿನ ಒಲೆಯ ಮೇಲೆ ಪಾಪಾಸುಕಳ್ಳಿಯ ಕೊಂಬೆ ಇಟ್ಟು ಹಾವುಗಳ ದೇವತೆ ಮನಸಾ ದೇವಿಯ ಪೂಜೆ, ಊಟಕ್ಕೆ ನೀರು ಹಾಕಿಟ್ಟ ತಂಗಳನ್ನ, ಕೆಸುವಿನ ಸೊಪ್ಪು, ಹಿಲ್ಸಾ ಮೀನು. 'ಭಾದ್ರದಲ್ಲಿ ಬೇಯಿಸಿ ಆಶ್ವಿನದಲ್ಲಿ ಉಣ್ಣು' ಎಂಬ ಮಾತು ಹುಟ್ಟಿದ್ದು ಸಂಕ್ರಾಂತಿ ತಿಂಗಳ ಕೊನೆಗೆ ಬೀಳುವುದರಿಂದಲೇ. ಆಶ್ವಿನ ಸಂಕ್ರಾಂತಿಗೆ ಬಂಗಾಳದ ಪಶ್ಚಿಮ ಭಾಗವಾದ ರಾಢದ ರೈತರು ಹೊಡೆ ತುಂಬಿದ ಭತ್ತಕ್ಕೆ ಬಯಕೆ ಮಾಡುತ್ತಾರೆ, ಗದ್ದೆಯಲ್ಲಿ ಜೊಂಡು ಕಟ್ಟಿ. ಮಲೆನಾಡಿನ ಭೂಮಿ ಹುಣ್ಣಿಮೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬುಟ್ಟಿಯ ಚಿತ್ತಾರ ಒಂದು ಇಲ್ಲ, ಅಷ್ಟೆ.

ಕಾಳಿಪೂಜೆಯ ಹಿಂದಿನ ದಿನ ಭೂತ ಚತುರ್ದಶಿ: ಹದಿನಾಲ್ಕು ದೀಪ, ಹದಿನಾಲ್ಕು ಸೊಪ್ಪು. 16ನೇ ಶತಮಾನದ ನವದ್ವೀಪದ ಸ್ಮಾರ್ತ ಪಂಡಿತ ರಘುನಂದನ ಕೊಟ್ಟ ಪಟ್ಟಿಯಲ್ಲಿ ಸುವರ್ಣಗೆಡ್ಡೆಯ ಎಲೆ, ಸಾಸಿವೆ, ಬೇವು, ಅಮೃತಬಳ್ಳಿ, ಹೊನಗೊನೆ, ಸಬ್ಬಸಿಗೆ ಎಲ್ಲ ಉಂಟು. ಸಂತೆಯಲ್ಲಿ ಈಗ 'ಚೋದ್ದೋ ಶಾಕ್' ಎಂದು ಕಟ್ಟಿ ಮಾರುವ ಕಂತೆಯನ್ನು ಬಿಚ್ಚಿದರೆ ಪಾಲಕ್, ಹರಿವೆ, ಮೂಲಂಗಿ ಸೊಪ್ಪು, ಮತ್ತೆ ಹರಿವೆ. ಎಣಿಸಿದರೆ ಏಳು ದಾಟುವುದಿಲ್ಲ. ಕಹಿ ಸೊಪ್ಪುಗಳು ಮೊದಲು ಮಾಯವಾಗಿವೆ, ಅವನ್ನು ಗುರುತಿಸುವವರು ಕಡಿಮೆ, ಬೇಯಿಸಿದರೆ ಮಕ್ಕಳು ಮುಟ್ಟುವುದಿಲ್ಲ. ಕಳ್ಳದಾರಿ ಇವರಿಗೂ ಗೊತ್ತು ಅನ್ನುವುದಕ್ಕೆ ಈ ಕಂತೆ ಸಾಕು.

ಇನ್ನು ಒಪ್ಪಿಕೊಳ್ಳಬೇಕಾದದ್ದು. ಬಂಗಾಳದ ಈ ತ್ಯಾಗದ ಪಟ್ಟಿಯನ್ನು ಪೂರ್ತಿ ಪಾಲಿಸಿದವರು ಯಾರು ಎಂದು ಕೇಳಿದರೆ ಉತ್ತರ ಚಂದವಿಲ್ಲ. ವಿಧವೆಯರು. ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಮಸೂರ ಬೇಳೆ ಅವರಿಗೆ ಬದುಕಿಡೀ ಇರಲಿಲ್ಲ. ನಾವು ಬಾಯಿ ಚಪ್ಪರಿಸುವ ಬಾಳೆಹೂವಿನ ಪಲ್ಯವಾದ ಘೊಂಟೊ, ಕರಿದ ಬೇಳೆ ಬಿಲ್ಲೆಗಳ ಧೋಕಾರ್ ದಾಲ್ನಾದಂಥ ಅಡುಗೆಗಳಿಗೆ ರುಚಿ ಬಂದದ್ದು ಅವರ ಬೇರೆ ಒಲೆಯಲ್ಲಿ. ಏಕಾದಶಿ ಮೇಲ್ಜಾತಿಯ ವಿಧವೆಗೆ ನಿರ್ಜಲವಾಗಿತ್ತು, ಜ್ವರ ಬಂದರೂ, ಬೇಸಿಗೆಯಾದರೂ, ವಯಸ್ಸು ಹತ್ತೇ ಆಗಿದ್ದರೂ. ಅದೇ ಮನೆಯ ಮುತ್ತೈದೆ ಏಕಾದಶಿಯ ದಿನ ಮೀನು ತಿನ್ನಲೇಬೇಕು ಎಂಬ ಪದ್ಧತಿ ಕೆಲವು ಕಡೆ ಇತ್ತು. ಗಂಡಸಿಗೆ ಏನೂ ಇರಲಿಲ್ಲ. ಆಷಾಢದ 7ರ ಸುಮಾರಿಗೆ ಭೂಮಿ ಮುಟ್ಟಾಗುವ ಅಂಬುವಾಚಿಯ ಮೂರು ದಿನ ವಿಧವೆಯರು ಬೆಂಕಿ ಮುಟ್ಟಿದ್ದನ್ನು ತಿನ್ನುವಂತಿರಲಿಲ್ಲ. ನಮ್ಮ ತುಳುನಾಡಿನ ಕೆಡ್ಡಸದಲ್ಲೂ ಭೂಮಿ ಮೂರು ದಿನ ಹೊರಗೆ ಕೂರುತ್ತಾಳೆ, ಅಗೆತ ಉಳುಮೆ ಇಲ್ಲ. ಆದರೆ ಅಲ್ಲಿ ಮನೆಮಂದಿಯೆಲ್ಲ ಹುರಿದ ಅಕ್ಕಿ ಪುಡಿಯ ನನ್ನೆರಿ ತಿನ್ನುತ್ತಾರೆ. ವಿಧವಾ ವಿವಾಹದ ಕಾನೂನು 1856ರಲ್ಲೇ ಬಂತು, ವಿದ್ಯಾಸಾಗರರ ಹಟದಿಂದ. ವಿಧವೆಯರ ಆ ನಿರ್ಜಲ ಏಕಾದಶಿ ಮನೆಗಳಿಂದ ಎದ್ದುಹೋಗಲು ಅದಾದ ಮೇಲೂ ತಲೆಮಾರುಗಳು ಬೇಕಾದವು. ಮಡಿ ಹೆಂಗಸರ ತಲೆ ಬೋಳಿಸಿದ ನಾವು ಇದರಲ್ಲಿ ಮೇಲಿನವರೆಂದು ಹೇಳುತ್ತಿಲ್ಲ. ಆದರೂ ಮಾಧ್ವರ ಮನೆಯ ಏಕಾದಶಿಯಲ್ಲಿ ಯಜಮಾನನೇ ಮೊದಲು ಉಪವಾಸ, ದಶಮಿಗೆ ಒಂದೇ ಊಟ, ಮರುದಿನ ಬೇಗ ಪಾರಣೆ, ಗಂಡು ಹೆಣ್ಣು ಭೇದವಿಲ್ಲ. ಬಂಗಾಳದ ಷಷ್ಠಿಗೂ ಇಂಥದ್ದೇ ಒಂದು ನೆರಳಿದೆ. ಮಕ್ಕಳಿಲ್ಲದ ಹೆಂಗಸಿಗೆ ಆ ದಿನಗಳು ಹೇಗೆ ಕಳೆಯುತ್ತವೆ ಎಂದು ಪಂಜಿಕೆ ಬರೆಯುವುದಿಲ್ಲ.

ಏನನ್ನು ಬಿಡಬೇಕು ಎಂಬ ಪ್ರಶ್ನೆ ನಮಗೆ ಗೊತ್ತೇ ಇಲ್ಲ ಎಂದರೂ ತಪ್ಪಾದೀತು. ಚಾತುರ್ಮಾಸ್ಯ ಇದೆಯಲ್ಲ: ಒಂದು ತಿಂಗಳು ಶಾಕವ್ರತ, ತರಕಾರಿ ಇಲ್ಲ. ಆಮೇಲೆ ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಗೆ ದ್ವಿದಳ ಧಾನ್ಯ ಇಲ್ಲ. ತರಕಾರಿಯೂ ಹುಣಸೆಯೂ ಇಲ್ಲದೆ ಒಂದು ತಿಂಗಳು ಸಾರು ಮಾಡಿದವರ ಮುಂದೆ ಲೂಚಿಯ ತ್ಯಾಗ ಎಷ್ಟರದು? ಅದನ್ನು ಪಾಲಿಸುವ ಮನೆಗಳು ಕಡಿಮೆಯಾಗುತ್ತಿವೆ ಎಂಬುದು ಬೇರೆ ಮಾತು.

ಅವಲಕ್ಕಿಯ ಪ್ರಶ್ನೆಗೂ ಒಂದು ಉತ್ತರವಿದೆ, ತಡವಾಗಿ ಸಿಕ್ಕಿದ್ದು. 'ಫಲಾರ್' ಎಂಬ ಮಾತು ಬಂಗಾಳಿಯಲ್ಲೂ ಉಂಟು, ಅದರ ಅರ್ಥವೂ ಅವಲಕ್ಕಿ, ಮೊಸರು, ಬಾಳೆಹಣ್ಣು! ಅರಣ್ಯ ಷಷ್ಠಿಗೆ ಎಷ್ಟೋ ಮನೆಗಳಲ್ಲಿ ಅದನ್ನೇ ಮಾವಿನಹಣ್ಣಿನ ಜೊತೆ ಕಲೆಸಿ ತಿನ್ನುತ್ತಾರೆ. ಮುಂದಿನ ಸಲ ಯಾರಾದರೂ ಕೇಳಿದರೆ ಇದನ್ನು ಹೇಳಿ. ಆದರೆ ಅಲ್ಲಿಗೇ ನಿಲ್ಲಿಸಿ. ಮುಂದುವರಿಸಿದರೆ, 19ನೇ ಶತಮಾನದಲ್ಲೇ ಇಲ್ಲಿ ಫಲಾರಕ್ಕೆ ಮೂರು ದರ್ಜೆ ಇತ್ತು, ತುಪ್ಪದಲ್ಲಿ ಕರಿದ ಬಿಸಿ ಲೂಚಿ ಉತ್ತಮ, ನೀರು ಮೊಸರಿನ ಅವಲಕ್ಕಿ ಅಧಮ ಎಂದು ಅವರೇ ನಗುತ್ತಾ ತಿಳಿಸುತ್ತಾರೆ.

ಏಕಾದಶಿಯ ಮರುದಿನದ ಪಾರಣೆಗೆ ಅಗಸೆ ಸೊಪ್ಪು ಬೇಕಾದವರು ಮಾತ್ರ ಸಂತೆಯಲ್ಲಿ ಮೊದಲೇ ಹೇಳಿಡಬೇಕು. ಇಲ್ಲಿ ಅಗಸೆಯ ಹೂವು ರಾಶಿ ಬೀಳುತ್ತದೆ, ಕಡಲೆಹಿಟ್ಟಿನಲ್ಲಿ ಅದ್ದಿ ಬೋಂಡಾ ಕರಿಯುತ್ತಾರೆ. ಎಲೆ ಕೇಳಿದರೆ ಮಾರುವವನು ಒಂದು ಸಲ ನಮ್ಮ ಮುಖ ನೋಡಿ, ಆಡಿಗೋ ಎಂದು ಕೇಳುತ್ತಾನೆ.